ಕೆಲವು ಕಾಲದ ಹೆಸರು ಕೇಳಿದ್ರೆ ಸಾಕು ಗೇಮರ್‌ಗಳು ಯಾಕೆ ಎದ್ದು ಕೂರ್ತೀವಿ?

ಮಬ್ಬುದೀಪ

ಸುಮಾರು ದಿನದಿಂದ ಇದು ತಲೇಲಿ ಕೊರೀತಿದೆ, ಇವತ್ತು ಬರೆದೇ ಬಿಡೋಣ ಅಂತ ಕೂತೆ. ಹೊಸ ಗೇಮ್ ಒಂದು ಅನೌನ್ಸ್ ಆಗುತ್ತೆ ಅಂದ್ಕೊಳ್ಳಿ. ಗೇಮ್‌ಪ್ಲೇ ತೋರ್ಸಿಲ್ಲ, ಹೀರೋ ಯಾರು ಅಂತ ಗೊತ್ತಿಲ್ಲ, ಯಾವಾಗ ಬರುತ್ತೆ ಅನ್ನೋದೂ ಇಲ್ಲ, ಬರೀ "ಸೆಂಗೋಕು ಕಾಲದ ಜಪಾನ್" (ಅಂದ್ರೆ ಸಾಮಂತರು ಒಬ್ಬರ ಮೇಲೊಬ್ಬರು ಯುದ್ಧ ಮಾಡ್ತಿದ್ದ ಕಾಲ) ಅಂತ ಒಂದೇ ಒಂದು ಸಾಲು, ಅಷ್ಟಕ್ಕೇ ಮೈ ಜುಮ್ ಅನ್ನುತ್ತೆ. ಅಸ್ಯಾಸಿನ್ಸ್ ಕ್ರೀಡ್ ಸರಣಿಯ ಮೊದಲ ಗೇಮ್ ಬಂದಿದ್ದು 2007ರಲ್ಲಿ, ಜಪಾನ್ ಯಾವಾಗ ಜಪಾನ್ ಯಾವಾಗ ಅಂತ ಜನ ವರ್ಷಗಟ್ಲೆ ಕೇಳ್ತಾನೇ ಬಂದ್ರು, ಕೊನೆಗೆ ಜಪಾನಲ್ಲಿ ನಡೆಯೋ ಶ್ಯಾಡೋಸ್ ಕೈಗೆ ಸಿಕ್ಕಿದ್ದು 2025ರ ಮಾರ್ಚಲ್ಲಿ. ಅಷ್ಟು ವರ್ಷ ಕಾದಿದ್ದು ಕಥೆಗಲ್ಲ, ಪಾತ್ರಕ್ಕಲ್ಲ, ಒಂದು ಕಾಲಕ್ಕೆ!

ಆದ್ರೆ ಅದೇ ಜಪಾನಲ್ಲಿ 1640ರ ಆಮೇಲೆ ಎರಡು ಶತಮಾನ ದೊಡ್ಡ ಯುದ್ಧವೇ ಇಲ್ದೆ ಕಳೀತಲ್ಲ, ಆ ಕಾಲ ಬೇಕು ಅಂತ ಯಾರೂ ಗಂಟಲು ಹರ್ಕೊಂಡಿದ್ದು ನಾನಂತೂ ನೋಡಿಲ್ಲ. ಮತ್ತೆ 1860ರ ದಶಕದಲ್ಲಿ ಶೋಗುನ್ (ಸೇನಾಧಿಪತಿ) ಆಡಳಿತ ಅಲ್ಲಾಡೋಕೆ ಶುರುವಾಯ್ತು ನೋಡಿ, ಅಲ್ಲಿಗೆ ಬಂದ್ರೆ ಇಶಿನ್, ರೈಸ್ ಆಫ್ ದಿ ರೋನಿನ್ ಅನ್ನೋ ಗೇಮ್‌ಗಳಿವೆ, ಜನರೂ ಮತ್ತೆ ಹಾಜರು.

ಅದಕ್ಕೆ ನನಗೆ ಅನ್ಸೋದು, ನಮ್ಮನ್ನ ಎಳೆಯೋದು ಕತ್ತಿ ಅಲ್ಲ, ಕಿಮೋನೋ ಅಲ್ಲ, ಕಟ್ಟು ಸಡಿಲಾದ ಕಾಲ. ಹಳೇ ಅಧಿಕಾರ ಬಿದ್ದಿದೆ, ಹೊಸದು ಇನ್ನೂ ಬೇರು ಬಿಟ್ಟಿಲ್ಲ, ನಡುವೆ ಒಬ್ಬ ಯಾವನೋ ಏನೋ ಆಗ್ಬಿಡಬಹುದು. ಹಿದೆಯೋಶಿ ಹುಟ್ಟಿದ್ದು ತೀರಾ ಸಾಮಾನ್ಯ ಮನೇಲಿ, ಕೊನೆಗೆ ಇಡೀ ಜಪಾನ್ ಅವನ ಕೈಲಿತ್ತು, ಆಮೇಲೆ ಅದೇ ಮನುಷ್ಯ 1588ರಲ್ಲಿ ರೈತರ ಹತ್ರ ಇದ್ದ ಕತ್ತಿಗಳನ್ನೆಲ್ಲ ಕಿತ್ಕೊಂಡ, ಅಂದ್ರೆ ತಾನು ಹತ್ತಿ ಬಂದ ಏಣೀನ ತಾನೇ ಎಳ್ಕೊಂಡ. ಕೆರಿಬಿಯನ್ ಕಡಲ್ಗಳ್ಳರು, ಅಮೆರಿಕಾದ ವೈಲ್ಡ್ ವೆಸ್ಟ್, ವೈಕಿಂಗ್‌ಗಳು, ಒಬ್ಬರಿಗೊಬ್ಬರು ಮಸಲತ್ತು ಮಾಡ್ಕೊಂಡಿದ್ದ ರೆನೆಸಾನ್ಸ್ ಇಟಲಿ, ಎಲ್ಲಾ ಕಡೆ ಇದೇ ಕಥೆ. ರಾಜನ ಕೈ ಅಲ್ಲಿಗೆ ಸರಿಯಾಗಿ ತಲುಪ್ತಿರ್ಲಿಲ್ಲ. ಗೇಮ್‌ಗೆ ಬೇಕಾಗಿರೋದು ಅದೇ ತಾನೇ, ನನ್ನ ಕೈಯಿಂದ ಏನೋ ಬದಲಾಗಬೇಕು. ನಿಮಗೇನನ್ಸುತ್ತೆ?

ಹಡಗುಹಗ್ಗ

ನೂರಕ್ಕೆ ನೂರು ಒಪ್ತೀನಿ, ಕಡಲ್ಗಳ್ಳರ ವಿಷಯದಲ್ಲಂತೂ ನೀವು ಹೇಳಿದ್ದು ಅಕ್ಷರಶಃ ನಿಜ. ಆ ಹಡಗುಗಳಲ್ಲಿ ಕ್ಯಾಪ್ಟನ್‌ನ ವೋಟ್ ಹಾಕಿ ಆರಿಸ್ತಿದ್ರು, ಸರಿ ಇಲ್ಲ ಅಂದ್ರೆ ಇಳಿಸ್ತಿದ್ರು, ಕಾಲು ಕಳ್ಕೊಂಡವನಿಗೆ ಇಷ್ಟು ಪರಿಹಾರ, ಕೈ ಕಳ್ಕೊಂಡವನಿಗೆ ಇಷ್ಟು ಅಂತ ಮೊದಲೇ ಬರೆದು ಒಪ್ಪಂದ ಮಾಡ್ಕೊಂಡಿರ್ತಿದ್ರು. 1700ರ ಆಸುಪಾಸಲ್ಲಿ ದಡದ ಮೇಲೆ ಒಬ್ಬ ಮಾಮೂಲಿ ನಾವಿಕನಿಗೆ ಇದರಲ್ಲಿ ಅರ್ಧಾನೂ ಸಿಗ್ತಿರ್ಲಿಲ್ಲ. ಸಿಡ್ ಮೈಯರ್ 1987ರಲ್ಲೇ ಪೈರೇಟ್ಸ್ ಮಾಡಿದ್ದು, ಆಗಿನಿಂದ ಈ ಕಾಲ ಗೇಮ್‌ಗಳನ್ನ ಬಿಟ್ಟು ಹೋಗೇ ಇಲ್ಲ.

ಆದ್ರೆ ನನ್ನನ್ನ ಹಿಡಿದಿಟ್ಟಿದ್ದು ಬೇರೇನೇ. ಅಸ್ಯಾಸಿನ್ಸ್ ಕ್ರೀಡ್‌ನ ಕಡಲ್ಗಳ್ಳರ ಗೇಮ್ ಬ್ಲ್ಯಾಕ್ ಫ್ಲ್ಯಾಗಲ್ಲಿ ಜ್ಯಾಕ್‌ಡಾ ಹಡಗನ್ನ ಬಂದರಿಂದ ಹೊರಗೆ ತಂದು ಹಾಯಿ ಪೂರ್ತಿ ಬಿಚ್ಚಿದಾಗ ಕ್ಯಾಮೆರಾ ಹಿಂದಕ್ಕೆ ಸರಿಯುತ್ತಲ್ಲ, ಸ್ವಲ್ಪ ಹೊತ್ತು ಬರೀ ಗಾಳಿ ನೀರಿನ ಸದ್ದು, ಆಮೇಲೆ ಒಬ್ಬ ಒಂದು ಸಾಲು ಶುರು ಮಾಡ್ತಾನೆ, ಉಳಿದವರೆಲ್ಲ ಎತ್ಕೋತಾರೆ. ನಾನು ಎಷ್ಟೋ ಸಲ ಹೋಗಬೇಕಾದ ಜಾಗ ಕಣ್ಣ ಮುಂದೇನೇ ಇದ್ರೂ ಹಡಗು ತಿರುಗಿಸ್ಕೊಂಡು ಇನ್ನೊಂದು ಸುತ್ತು ಹಾಕಿದ್ದೀನಿ, ಹಾಡು ಅರ್ಧಕ್ಕೆ ನಿಲ್ಲಬಾರದು ಅಂತ. ಆಮೇಲೆ ಓದಿದಾಗ ಗೊತ್ತಾಯ್ತು, ಆ ಹಾಡುಗಳಲ್ಲಿ ಹೆಚ್ಚಿನವು 19ನೇ ಶತಮಾನದ ಸರಕು ಹಡಗಿನವರದ್ದು, 1715ರ ಕಡಲ್ಗಳ್ಳರು ಅವನ್ನ ಹಾಡಿರೋಕೆ ಸಾಧ್ಯಾನೇ ಇಲ್ಲ. ಗೊತ್ತಾದ ಮೇಲೂ ಖುಷಿ ಒಂಚೂರೂ ಕಮ್ಮಿ ಆಗ್ಲಿಲ್ಲ, ಯಾಕೆ ಅಂತ ಇವತ್ತಿಗೂ ಯೋಚಿಸ್ತೀನಿ.

ಕಂದಕವಾಸಿ

ಮಬ್ಬುದೀಪ ಅವರೇ, ವಾದ ಚೆನ್ನಾಗಿದೆ ಆದ್ರೆ ಮೊದಲನೇ ಮಹಾಯುದ್ಧ ಎಲ್ಲಿ ಇಡ್ತೀರಾ? 2016ರ ಮೇ ತಿಂಗಳು ನೆನಪಿದ್ಯಾ? ಬ್ಯಾಟಲ್‌ಫೀಲ್ಡ್ 1 ಟ್ರೇಲರ್ ಬಂದಾಗ ಆದ ಗಲಾಟೆ? ಅದೇ ವಾರ ಕಾಲ್ ಆಫ್ ಡ್ಯೂಟಿ ಬಾಹ್ಯಾಕಾಶಕ್ಕೆ ಹೋಗಿದ್ದಕ್ಕೆ ಜನ ಡಿಸ್‌ಲೈಕ್ ಒತ್ತಿ ಒತ್ತಿ ಸುಸ್ತಾಗಿದ್ರು, ಇದಕ್ಕೆ ಮಾತ್ರ ಲೈಕ್‌ಗಳ ಸುರಿಮಳೆ. ಆದ್ರೆ ಆ ಯುದ್ಧದಲ್ಲಿ ನಿಮ್ಮ "ಒಬ್ಬ ಯಾವನೋ ಏನೋ ಆಗ್ಬಿಡಬಹುದು" ಅನ್ನೋದು ಎಲ್ಲಿದೆ ಹೇಳಿ? ವರ್ದನ್ ಒಂದೇ ಕದನ 1916ರ ಫೆಬ್ರವರಿಯಿಂದ ಡಿಸೆಂಬರ್ ತನಕ ನಡೀತು, ಗಡಿ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಮೆಷಿನ್ ಗನ್ ಮುಂದೆ ವೀರ ಯಾರು ಹೇಡಿ ಯಾರು.

ಆ ಗೇಮಿನ ಮೊದಲ ಹತ್ತು ನಿಮಿಷ ಆಡಿದ್ದೀರಾ? ನೀವು ಉಳಿಯೋದು ಅನುಮಾನ ಅಂತ ಶುರುವಲ್ಲೇ ಹೇಳಿಬಿಡ್ತಾರೆ. ನಾನು ನಂಬಿರ್ಲಿಲ್ಲ, ಎಲ್ಲಾ ಗೇಮಲ್ಲೂ ಹಂಗೇ ಹೆದರಿಸ್ತಾರೆ ಅಂದ್ಕೊಂಡೆ. ಗೋಡೆ ಮರೆಗೆ ನಿಂತು ಗುಂಡು ಹಾರಿಸ್ತಿದ್ದೀನಿ, ಶತ್ರುಗಳು ಬರ್ತಾನೇ ಇದಾರೆ ಬರ್ತಾನೇ ಇದಾರೆ, ಮದ್ದುಗುಂಡು ಮುಗೀತು, ಬಿದ್ದೆ. ಮತ್ತೆ ಶುರು ಮಾಡಿ ಅನ್ನೋ ಬಟನ್ ಬರುತ್ತೆ ಅಂತ ಕಾದ್ರೆ ಪರದೆ ಮೇಲೆ ಒಂದು ಹೆಸರು, ಹುಟ್ಟಿದ ವರ್ಷ, ಅದರ ಪಕ್ಕ 1918. ಅಷ್ಟೇ. ಕ್ಯಾಮೆರಾ ಎದ್ದು ಹೋಗಿ ಇನ್ನೊಬ್ಬ ಸೈನಿಕನೊಳಗೆ ಇಳಿಯುತ್ತೆ. ಮತ್ತೆ ಅದೇ. ಮೂರನೇ ಹೆಸರು ಬರೋ ಹೊತ್ತಿಗೆ ನಾನು ಆಡೋ ರೀತೀನೇ ಬದಲಾಗಿತ್ತು, ಗೆಲ್ಲೋಕೆ ಆಡ್ತಿರ್ಲಿಲ್ಲ, ಇವನು ಇನ್ನೊಂದು ನಿಮಿಷ ಇರ್ಲಿ ಅಂತ ಆಡ್ತಿದ್ದೆ.

ಮುಂದಿನ ಮಿಷನ್‌ಗಳಲ್ಲಿ ಆ ಗೇಮ್ ಮತ್ತೆ ಒಬ್ಬನೇ ನೂರು ಜನನ್ನ ಹೊಡೆಯೋ ದಾರಿಗೆ ಹೋಗುತ್ತೆ, ಅದು ನನಗೆ ಬೇಜಾರೇ. ಆದ್ರೆ ಆ ಹತ್ತು ನಿಮಿಷ ನಿಮ್ಮ ಥಿಯರಿಗೆ ಉಲ್ಟಾ ಇದೆ.

1444_ನವೆಂಬರ್

ನೀವೆಲ್ಲ ಕತ್ತಿ ಬಂದೂಕು ಹಿಡಿಯೋರು, ನಾವು ಮ್ಯಾಪ್ ನೋಡ್ಕೊಂಡು ಕೂರೋರು, ನಮ್ಮ ಕಡೆಯಿಂದ ಒಂದು ಮಾತು. ನನ್ನ ಹೆಸರು ಯಾಕೆ ಹಿಂಗಿದೆ ಅಂತ ಕೆಲವರು ಕೇಳಿದ್ರು, ಯೂರೋಪಾ ಯೂನಿವರ್ಸಾಲಿಸ್ 4 ಅನ್ನೋ ಸ್ಟ್ರಾಟಜಿ ಗೇಮ್ ಶುರುವಾಗೋದು 1444ರ ನವೆಂಬರ್ 11ಕ್ಕೆ. ಹಿಂದಿನ ದಿನ, ಅಂದ್ರೆ 10ನೇ ತಾರೀಕು, ವಾರ್ನಾ ಕದನದಲ್ಲಿ ಪೋಲೆಂಡ್ ರಾಜ ಸತ್ತಿರ್ತಾನೆ, ಆಟೋಮನ್ನರು ಗೆದ್ದಿರ್ತಾರೆ. ನಾವು ಗೇಮ್ ತೆರೆಯೋದು ಮಾರನೇ ಬೆಳಗ್ಗೆ.

ಆ ಮ್ಯಾಪಲ್ಲಿ ಬೈಜಾಂಟಿಯಂ ಹುಡುಕಿ. ಕಾನ್‌ಸ್ಟಾಂಟಿನೋಪಲ್ ಹತ್ರ ಒಂದಿಷ್ಟು, ಗ್ರೀಸಿನ ದಕ್ಷಿಣ ತುದೀಲಿ ಒಂದಿಷ್ಟು, ಒಂದು ಕಾಲದ ರೋಮನ್ ಸಾಮ್ರಾಜ್ಯದಲ್ಲಿ ಉಳಿದಿದ್ದು ಅಷ್ಟೇ, ಸುತ್ತ ಆಟೋಮನ್ನರ ಬಣ್ಣ. 1453ರ ಮೇ 29ಕ್ಕೆ ಊರು ಬೀಳುತ್ತೆ ಅಂತ ನಮಗೆ ಗೊತ್ತು, ಒಂಬತ್ತು ವರ್ಷಾನೂ ಇಲ್ಲ. ಬಲವಾದ ದೇಶಗಳು ಎಷ್ಟೊಂದಿದ್ರೂ ಜನ ಹೋಗಿ ಹೋಗಿ ಇದನ್ನೇ ಆರಿಸ್ಕೊಂಡು ಆಡ್ತಾರೆ, ಸೋಲ್ತಾರೆ, ಮತ್ತೆ ಆಡ್ತಾರೆ.

ಅದಕ್ಕೇ ನನ್ನ ಪ್ರಕಾರ ಕಟ್ಟು ಸಡಿಲಾಗಿದ್ಯೋ ಇಲ್ವೋ ಅನ್ನೋದಲ್ಲ ವಿಷಯ. ನಮಗೆ ಕೊನೆ ಗೊತ್ತು, ಅಲ್ಲಿರೋರಿಗೆ ಗೊತ್ತಿಲ್ಲ, ಅದು ವಿಷಯ. ಯೂರೋಪಾ 5 ಶುರುವಾಗೋದು 1337ಕ್ಕೆ. ಊರು ಕಟ್ತೀವಿ, ಜನಸಂಖ್ಯೆ ಏರ್ತಿರುತ್ತೆ, ಆದ್ರೆ ಹತ್ತು ವರ್ಷಕ್ಕೆ ಪ್ಲೇಗ್ ಯೂರೋಪಿಗೆ ಬರುತ್ತೆ ಅಂತ ಮನಸ್ಸಲ್ಲಿ ಕೂತಿರುತ್ತೆ, ಆ ಸಂಕಟ ಬೇರೆ ಯಾವ ಫ್ಯಾಂಟಸಿ ಗೇಮೂ ಕೊಡಲ್ಲ. ಡ್ರ್ಯಾಗನ್ ಇರೋ ರಾಜ್ಯಕ್ಕೆ ಮುಂದೇನಾಗುತ್ತೆ ಅಂತ ನಮಗೇನು ಗೊತ್ತು?

ಕಂದಕವಾಸಿ ಹೇಳಿದ 1918 ಕೂಡ ಇದೇ ಅಲ್ವಾ. ಯುದ್ಧ ಮುಗಿಯೋ ವರ್ಷ ಅದು. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಕಂದಕವಾಸಿ

ಇದನ್ನ ನಾನು ಹಂಗೆ ಯೋಚನೇನೇ ಮಾಡಿರ್ಲಿಲ್ಲ. ಹೌದು. ಆ ವರ್ಷ ಓದಿದಾಗ ಎದೆ ಹಿಂಡಿದ್ದು ಅದಕ್ಕೇ.

ಕಮ್ಮಾರನಮಗ

ನಾನು ಇಬ್ಬರ ಮಾತೂ ಒಪ್ಪಲ್ಲ, ಕ್ಷಮಿಸಿ. ಕಿಂಗ್‌ಡಮ್ ಕಮ್ ಡೆಲಿವರೆನ್ಸ್ ತಗೊಳ್ಳಿ, 1403ರ ಬೊಹೀಮಿಯಾ, ಈಗಿನ ಚೆಕ್ ದೇಶದ ಕಡೆ. ಆ ಗೇಮ್‌ಗೆ 2014ರಲ್ಲಿ ಕಿಕ್‌ಸ್ಟಾರ್ಟರಲ್ಲಿ ಜನ ದುಡ್ಡು ಹಾಕಿದಾಗ ಎಷ್ಟು ಜನಕ್ಕೆ ಸಿಗಿಸ್ಮಂಡ್ ಯಾರು ವೆನ್ಸೆಸ್ಲಾಸ್ ಯಾರು ಅಂತ ಗೊತ್ತಿತ್ತು? ನನಗಂತೂ ಬೊಹೀಮಿಯಾ ಮ್ಯಾಪಲ್ಲಿ ಎಲ್ಲಿದೆ ಅಂತಾನೂ ಗೊತ್ತಿರ್ಲಿಲ್ಲ, ಕೊನೆ ಗೊತ್ತಿರೋ ಮಾತೆಲ್ಲಿ ಬಂತು. ಆದ್ರೂ ಹತ್ತು ಲಕ್ಷ ಪೌಂಡಿಗಿಂತ ಜಾಸ್ತಿ ಕೂಡ್ತು. ಮ್ಯಾನರ್ ಲಾರ್ಡ್ಸ್ ನೋಡಿ, ಒಬ್ಬ ಡೆವಲಪರ್ ಶುರು ಮಾಡಿದ್ದು, 2024ರ ಏಪ್ರಿಲಲ್ಲಿ ಬರೋ ಮುಂಚೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಅತಿ ಹೆಚ್ಚು ವಿಶ್‌ಲಿಸ್ಟ್ ಆಗಿದ್ದ ಗೇಮ್ ಅದೇ, ಮೊದಲ ದಿನಾನೇ ಹತ್ತು ಲಕ್ಷ ಕಾಪಿ ಹೋಯ್ತು. ಅದರಲ್ಲಿ ಏನಿದೆ? ಹೊಲ ಉಳೋದು, ಮರ ಕಡಿಯೋದು, ಚಳಿಗಾಲಕ್ಕೆ ಸೌದೆ ಸಾಕಾಗುತ್ತಾ ನೋಡೋದು.

ಜನಕ್ಕೆ ಬೇಕಾಗಿರೋದು ಕೈಕೆಲಸ ಸ್ವಾಮಿ. ಆಗಿನ ಕಾಲದೋರು ದಿನ ಹೆಂಗೆ ಕಳೀತಿದ್ರು ಅನ್ನೋದನ್ನ ನಮ್ಮ ಕೈಯಾರೆ ಮಾಡಿ ನೋಡಬೇಕು ಅನ್ನೋ ಆಸೆ. ಕಿಂಗ್‌ಡಮ್ ಕಮ್‌ನಲ್ಲಿ ಹೆನ್ರಿ ಕಮ್ಮಾರನ ಮಗ, ಓದೋಕೆ ಬರಲ್ಲ. ನಾನು ಎಲ್ಲೋ ಒಂದು ಪುಸ್ತಕ ಸಿಕ್ತು ಅಂತ ಖುಷಿಯಿಂದ ತೆರೆದ್ರೆ ಅಕ್ಷರಗಳೆಲ್ಲ ಅದಲು ಬದಲು, ಪದದೊಳಗೇ ಕಲಸಿ ಹೋಗಿದೆ. ಮೊದಲು ಗೇಮಲ್ಲಿ ಏನೋ ದೋಷ ಇದೆ ಅಂದ್ಕೊಂಡು ಮುಚ್ಚಿ ಮತ್ತೆ ಹಾಕ್ದೆ. ಆಮೇಲೆ ಗೊತ್ತಾಯ್ತು ಹೆನ್ರಿ ಕಣ್ಣಿಗೆ ಕಾಣೋದೇ ಹಿಂಗೆ ಅಂತ. ಊಝಿಟ್ಸ್ ಹಳ್ಳೀಲಿ ಒಬ್ಬ ಬರಹಗಾರ ಇದಾನೆ, ಅವನ ಹತ್ರ ಕಲಿಯೋಕೆ ಹೋಗಬೇಕು, ಕಲಿತು ಬಂದು ಅದೇ ಪುಸ್ತಕ ತೆರೆದ್ರೆ ಕೆಲವು ಪದ ಸರಿಯಾಗಿ ಕೂತಿದೆ, ಕೆಲವು ಇನ್ನೂ ಇಲ್ಲ, ಆಡ್ತಾ ಆಡ್ತಾ ಪುಟ ಪೂರ್ತಿ ತಿಳಿಯಾಗುತ್ತೆ. ನನಗೆ ಆ ದಿನ ಕೋಟೆ ಗೆದ್ದಿದ್ದಕ್ಕಿಂತ ಜಾಸ್ತಿ ಸಂತೋಷ ಆಯ್ತು. ರಾಜ ಯಾರಾದ್ರೂ ಆಗ್ಲಿ, ನಾನು ಓದೋದು ಕಲಿತೆ.

ಅಕ್ಷರಪ್ರಿಯೆ

ಅಕ್ಷರದ ಮಾತು ಬಂತಲ್ಲ, ಇನ್ನು ಸುಮ್ಮನಿರೋಕಾಗಲ್ಲ. ಪೆಂಟಿಮೆಂಟ್ ಯಾರಾದ್ರೂ ಆಡಿದ್ದೀರಾ? 2022ರಲ್ಲಿ ಬಂತು, ಅಬ್ಸಿಡಿಯನ್‌ನವರದ್ದು, 1518ರ ಬವೇರಿಯಾ, ಆಂಡ್ರಿಯಾಸ್ ಅನ್ನೋ ಚಿತ್ರಕಾರ ಒಂದು ಮಠದಲ್ಲಿ ಹಸ್ತಪ್ರತಿಗೆ ಚಿತ್ರ ಬಿಡಿಸ್ತಿರ್ತಾನೆ. ದನಿ ಇಲ್ಲ ಆ ಗೇಮಲ್ಲಿ, ಎಲ್ಲಾ ಮಾತೂ ಬರಹದಲ್ಲೇ ಮೂಡುತ್ತೆ, ಒಬ್ಬೊಬ್ಬರದ್ದು ಒಂದೊಂದು ಲಿಪಿ ಶೈಲಿ. ರೈತರಿಗೆ ಒಂದು, ಸನ್ಯಾಸಿಗಳಿಗೆ ಒಂದು, ಮುದ್ರಣದವರ ಮಾತು ಅಚ್ಚಿನ ಮೊಳೆ ಜೋಡಿಸಿ ಒತ್ತಿದ ಹಾಗೆ ಬರುತ್ತೆ. ಒಬ್ಬರ ಬಗ್ಗೆ ಹೊಸ ವಿಷಯ ತಿಳಿದ್ರೆ ಅವರ ಮಾತಿನ ಅಕ್ಷರಾನೇ ಬದಲಾಗುತ್ತೆ, ಯಾಕಂದ್ರೆ ನಾವು ನೋಡ್ತಿರೋದು ಆಂಡ್ರಿಯಾಸ್ ಮನಸ್ಸಲ್ಲಿ ಅವರು ಹೆಂಗಿದಾರೆ ಅನ್ನೋದನ್ನ. ಒಬ್ಬ ಮನುಷ್ಯನ ಬಗ್ಗೆ ನಾನಿಟ್ಕೊಂಡಿದ್ದ ಅಂದಾಜು ತಪ್ಪು ಅಂತ ಅಕ್ಷರ ಬದಲಾಗಿ ಗೊತ್ತಾಗೋದು ನನಗೆ ಬೇರೆಲ್ಲೂ ಸಿಕ್ಕಿಲ್ಲ.

1444 ಅವರ ಮಾತಿಗೆ ಇದು ಹತ್ರ ಇದೆ ನೋಡಿ. ಕೈಬರಹದ ಪುಸ್ತಕಗಳ ಕಾಲ ಮುಗೀತಿದೆ, ಅಚ್ಚು ಬಂದಾಗಿದೆ, ಮಠದ ಬರಹಶಾಲೆ ಕೊನೆ ಉಸಿರು ಎಳೀತಿದೆ. ಗೇಮಿನ ಎರಡನೇ ಭಾಗ ಬರೋದು 1525ಕ್ಕೆ, ಜರ್ಮನಿಯ ರೈತರ ದಂಗೆ ನಡೆದ ವರ್ಷ. ಆ ಇಸವಿ ಪರದೆ ಮೇಲೆ ಬಂದ ತಕ್ಷಣ ನನ್ನ ಹೊಟ್ಟೆ ಕಲಕಿತು, ಊರಲ್ಲಿ ಇನ್ನೂ ಏನೂ ಆಗಿರ್ಲಿಲ್ಲ.

ಗೋಪುರಹತ್ತು

ನನಗೆ ಕಾಲಕ್ಕಿಂತ ಜಾಗ ಮುಖ್ಯ. ಅಸ್ಯಾಸಿನ್ಸ್ ಕ್ರೀಡ್ ಆರಿಜಿನ್ಸ್ ಅನೌನ್ಸ್ ಆದಾಗ "ಈಜಿಪ್ಟ್" ಅಂತ ಕೇಳಿ ಕುಣಿದಾಡಿದ್ದು ಪಿರಮಿಡ್ ಹತ್ತಬಹುದು ಅಂತ, ಇನ್ನೇನಕ್ಕೂ ಅಲ್ಲ. ಹತ್ತಿ ತುದೀಲಿ ನಿಂತಾಗ ಒಂದು ವಿಷಯ ಹೊಳೀತು, ಗೇಮ್ ಇರೋದು ಕ್ರಿ.ಪೂ. 49ರ ಸುಮಾರು, ಕ್ಲಿಯೋಪಾತ್ರ ಕಾಲ, ದೊಡ್ಡ ಪಿರಮಿಡ್ ಆಗಲೇ 2500 ವರ್ಷ ಹಳೇದು. ಅಂದ್ರೆ ಕೆಳಗೆ ನಡೀತಿರೋ ಆ ಜನಕ್ಕೂ ಅದು ಪುರಾತನಾನೇ, ಅವರೂ ನನ್ನ ಹಾಗೇ ಬಾಯಿ ಬಿಟ್ಕೊಂಡು ನೋಡ್ತಿರೋರು. 2018ರಲ್ಲಿ ಡಿಸ್ಕವರಿ ಟೂರ್ ಕೊಟ್ರಲ್ಲ, ಯುದ್ಧ ಎಲ್ಲಾ ತೆಗೆದು ಬರೀ ಓಡಾಡೋಕೆ, ನಾನು ಅದರಲ್ಲೇ ಜಾಸ್ತಿ ಹೊತ್ತು ಕಳೆದೆ.

ಅದೇ ಸರಣಿಯ ಯೂನಿಟಿಯಲ್ಲಿರೋ ಪ್ಯಾರಿಸ್‌ನ ನೋಟ್ರ್ ಡಾಮ್ ಚರ್ಚ್ ಕೂಡ ಅಷ್ಟೇ. 2019ರ ಏಪ್ರಿಲ್ 15ಕ್ಕೆ ನಿಜವಾದ ಚರ್ಚಿಗೆ ಬೆಂಕಿ ಬಿದ್ದಾಗ ಗೇಮನ್ನ ಒಂದು ವಾರ ಪಿಸಿಯಲ್ಲಿ ಫ್ರೀ ಕೊಟ್ರು. ನಾನು ಹೋಗಿ ಮೇಲೆ ಹತ್ತಿ ಸುಮ್ಮನೆ ಕೂತಿದ್ದೆ, ಏನೂ ಆಡ್ಲಿಲ್ಲ. ಆಮೇಲೆ ಆ ಗೇಮಿನ ಮಾಡೆಲ್ ಇಟ್ಕೊಂಡೇ ಚರ್ಚ್ ಮತ್ತೆ ಕಟ್ಟಿದ್ರಂತೆ!

1444_ನವೆಂಬರ್

ಕೊನೇ ಸಾಲು ಮಾತ್ರ ಸರಿಯಲ್ಲ, ಎಲ್ಲಾ ಕಡೆ ಹರಡಿದೆ ಆದ್ರೆ ನಿಜ ಅಲ್ಲ. ಮತ್ತೆ ಕಟ್ಟೋಕೆ ನೆರವಾಗಿದ್ದು ಆಂಡ್ರ್ಯೂ ಟಾಲನ್ ಅನ್ನೋ ಕಲಾ ಇತಿಹಾಸಕಾರರು ಬೆಂಕಿಗೆ ಎಷ್ಟೋ ವರ್ಷ ಮೊದಲೇ ಮಾಡಿಟ್ಟಿದ್ದ ಲೇಸರ್ ಸ್ಕ್ಯಾನ್. ಗೇಮಿನ ಚರ್ಚ್ ಹತ್ತೋಕೆ ಅನುಕೂಲ ಆಗೋ ಹಾಗೆ ಮಾಡಿದ್ದು, ಅಳತೆ ಹಿಡಿದು ಕಟ್ಟೋಕಲ್ಲ. ಅದರ ಮೇಲಿರೋ ಚೂಪು ಶಿಖರಾನೂ 19ನೇ ಶತಮಾನದ್ದು, ಗೇಮ್ ನಡೆಯೋ ಫ್ರೆಂಚ್ ಕ್ರಾಂತಿ ಕಾಲದಲ್ಲಿ ಅದು ಇರ್ಲೇ ಇಲ್ಲ.

ಗೋಪುರಹತ್ತು

ಓಹ್, ಇದು ಗೊತ್ತಿರ್ಲಿಲ್ಲ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದ್ರೆ ಶಿಖರ ಯಾಕೆ ಇಟ್ರು ಅನ್ನೋದು ಅರ್ಥ ಆಗುತ್ತೆ, ಅದಿಲ್ಲದ ನೋಟ್ರ್ ಡಾಮ್ ತೋರಿಸಿದ್ರೆ ನಾವು ಗುರುತೇ ಹಿಡೀತಿರ್ಲಿಲ್ಲ. ಘೋಸ್ಟ್ ಆಫ್ ತ್ಸುಶಿಮಾದಲ್ಲೂ ಹಂಗೇ ತಾನೇ, 1274ರಲ್ಲಿ ಮಂಗೋಲರು ದಾಳಿ ಮಾಡಿದಾಗ ಸಮುರಾಯ್‌ಗಳ ಸೊಂಟದಲ್ಲಿ ಇದ್ದಿದ್ದು ತಾಚಿ ಅನ್ನೋ ಹಳೇ ಕತ್ತಿ, ನಾವು ನೋಡೋ ಕಟಾನಾ ಆಮೇಲಿನದ್ದು, ಆ ಗೇಮಲ್ಲಿ ಬರೋ ಹೈಕು ಕವಿತೆ ಅಂತೂ ಇನ್ನೂ ಎಷ್ಟೋ ಶತಮಾನ ಆಮೇಲಿನದ್ದು. ಆದ್ರೂ ಆ ಗೇಮ್ ಆಡಿದೋರೇ ಸೇರಿ, ನಿಜವಾದ ತ್ಸುಶಿಮಾದಲ್ಲಿ 2020ರ ಚಂಡಮಾರುತಕ್ಕೆ ಬಿದ್ದ ದೇವಸ್ಥಾನದ ತೋರಿ ಬಾಗಿಲನ್ನ ಮತ್ತೆ ನಿಲ್ಸೋಕೆ ದುಡ್ಡು ಕೊಟ್ರು. ತಪ್ಪು ಕತ್ತಿ ಹಿಡಿದು ಆ ದ್ವೀಪದ ಮೇಲೆ ಪ್ರೀತಿ ಹುಟ್ಟಿತು, ಪ್ರೀತಿ ಮಾತ್ರ ಸರಿಯಾದ ಜಾಗಕ್ಕೇ ಹೋಗಿ ಸೇರ್ತು.

ಹಡಗುಹಗ್ಗ

ನನ್ನ ಹಾಡಿನ ಪ್ರಶ್ನೆಗೆ ಉತ್ತರ ಇದೇ ಇರಬೇಕು. ಥ್ಯಾಂಕ್ಸ್.

ಮಬ್ಬುದೀಪ

ಎಲ್ಲಾ ಎರಡೆರಡು ಸಲ ಓದಿದೆ. ನನ್ನ ಕಟ್ಟು ಸಡಿಲಾದ ಕಾಲ ಅನ್ನೋ ವಾದ ಪೂರ್ತಿ ಬಿಟ್ಟುಕೊಡಲ್ಲ, ಆದ್ರೆ ಅರ್ಧ ಮಾತ್ರ ಹೇಳಿದ್ದೆ ಅಂತ ಈಗ ಅನ್ಸುತ್ತೆ. ಸಡಿಲಾಗಿದ್ದು ಮತ್ತೆ ಬಿಗಿಯಾಗುತ್ತೆ ಅಂತ ನಮಗೆ ಗೊತ್ತಿರುತ್ತೆ, ಅದು ಇನ್ನರ್ಧ. ವೈಲ್ಡ್ ವೆಸ್ಟ್ ಗೇಮ್ ರೆಡ್ ಡೆಡ್ 2ನ 1899ಕ್ಕೇ ಇಟ್ಟಿದ್ದು ಸುಮ್ಮನೆ ಅಲ್ಲ, 1890ರ ಜನಗಣತಿ ಆದ್ಮೇಲೆ ಅಮೆರಿಕಾ ಸರ್ಕಾರಾನೇ ಇನ್ನು ಗಡಿನಾಡು ಅನ್ನೋದು ಉಳಿದಿಲ್ಲ ಅಂತ ಹೇಳಿಯಾಗಿತ್ತು, ಅದರ ಹೀರೋ ಆರ್ಥರ್ ಓಡ್ತಿರೋದು ಮುಗಿದು ಹೋದ ಕಾಲದೊಳಗೆ. ಆ ಗೇಮಲ್ಲಿ ಸೂರ್ಯ ಮುಳುಗೋದನ್ನ ನೋಡಿದಾಗಲೆಲ್ಲ ಯಾಕೆ ಗಂಟಲು ಕಟ್ತಿತ್ತು ಅಂತ 1444 ಅವರ ಪೋಸ್ಟ್ ಓದಿದ ಮೇಲೆ ತಿಳೀತು.

ಕಮ್ಮಾರನಮಗ ಅವರಿಗೆ ನನ್ನ ಹತ್ರ ಉತ್ತರ ಇಲ್ಲ. ನೀವು ಹೇಳಿದ್ದು ನನ್ನ ಲೆಕ್ಕದೊಳಗೆ ಕೂರ್ತಿಲ್ಲ.

ಒಂದು ಪ್ರಶ್ನೆ ಉಳೀತು. ಹಂಗಾದ್ರೆ 1324ರಲ್ಲಿ ಮಾಲಿಯ ಮನ್ಸಾ ಮೂಸಾ ಹಜ್‌ಗೆ ಹೊರಟಿದ್ದು ಯಾಕೆ ದೊಡ್ಡ ಗೇಮ್ ಆಗಿಲ್ಲ? ಕೈರೋದಲ್ಲಿ ಚಿನ್ನದ ಬೆಲೇನೇ ಇಳಿಯೋ ಅಷ್ಟು ಚಿನ್ನ ಹಂಚಿದ ಮನುಷ್ಯ, ಮರುಭೂಮಿ ದಾಟೋ ಸಾವಿರಾರು ಜನ. ಅಜ್ಟೆಕ್ ರಾಜಧಾನಿ ತೆನೋಚ್ತಿತ್ಲಾನ್, 1519ರದ್ದು, ಅದನ್ನ ಯಾಕೆ ಯಾರೂ ಕೇಳಲ್ಲ, ಕೆರೆ ನಡುವೆ ಕಟ್ಟಿದ ಮಹಾನಗರ, ಎರಡೇ ವರ್ಷದಲ್ಲಿ ಬೀಳುತ್ತೆ, 1444 ಅವರ ನಿಯಮದ ಪ್ರಕಾರ ನಾವು ಅದಕ್ಕೆ ಮುಗಿಬೀಳಬೇಕಿತ್ತಲ್ಲ?

ಕಮ್ಮಾರನಮಗ

ಕಣ್ಣಲ್ಲಿ ಚಿತ್ರ ಇಲ್ಲ ಅದಕ್ಕೆ. ಸಮುರಾಯ್ ಅಂದ ತಕ್ಷಣ ನೂರು ಸಿನಿಮಾ ಕಣ್ಣ ಮುಂದೆ ಬರುತ್ತೆ. ಮಾಲಿ ಅಂದ್ರೆ ಏನು ಕಾಣುತ್ತೆ? ಬೊಹೀಮಿಯಾ ಅಂದ್ರೂ ಏನೂ ಕಾಣ್ತಿರ್ಲಿಲ್ಲ, ಯಾರೋ ಮೊದಲು ತೋರಿಸಬೇಕು. ಒಂದು ಒಳ್ಳೇ ಗೇಮ್ ಬಂದ್ರೆ ಸಾಕು, ಮುಂದಿನ ಸಲ ಜನ ತಾವೇ ಕೇಳ್ತಾರೆ.

ಗೋಪುರಹತ್ತು

ಬಾಗ್ದಾದ್ ನನಗೆ ಹಂಗೇ ಆಗಿದ್ದು. 2023ರಲ್ಲಿ ಅಸ್ಯಾಸಿನ್ಸ್ ಕ್ರೀಡ್ ಮಿರಾಜ್ ಬರೋ ತನಕ 9ನೇ ಶತಮಾನದ ಬಾಗ್ದಾದ್ ಅಂದ್ರೆ ನನ್ನ ತಲೇಲಿ ಖಾಲಿ. ಖಲೀಫ ಅಲ್ ಮನ್ಸೂರ್ 762ರಲ್ಲಿ ಅದನ್ನ ದುಂಡಗೆ ಕಟ್ಟಿಸೋಕೆ ಶುರು ಮಾಡಿದ್ದ, ಸುತ್ತ ಗೋಡೆ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಸರಿಯಾಗಿ ನಡುವಲ್ಲಿ ಅರಮನೆ. ಇವತ್ತು ಆ ದುಂಡು ನಗರದ ಗೋಡೆ ಆಗ್ಲಿ ಬಾಗಿಲಾಗ್ಲಿ ನೆಲದ ಮೇಲೆ ಏನೂ ಉಳಿದಿಲ್ಲ, ಹೋಗಿ ನೋಡ್ತೀನಿ ಅಂದ್ರೂ ಆಗಲ್ಲ. ಗೇಮಲ್ಲಿ ಮಾತ್ರ ಒಳಗೆ ನಡ್ಕೊಂಡು ಹೋಗಬಹುದು, ಪುಸ್ತಕಗಳನ್ನ ಅನುವಾದ ಮಾಡ್ತಿದ್ದ ಜ್ಞಾನಮಂದಿರದ ಒಳಗೂ ಹೋಗಬಹುದು.

ಅಕ್ಷರಪ್ರಿಯೆ

1258ರಲ್ಲಿ ಮಂಗೋಲರು ಆ ಊರಿಗೆ ಬರ್ತಾರೆ ಅಲ್ವಾ.

ಗೋಪುರಹತ್ತು

ಹೌದು. ಗೇಮ್ ನಡೆಯೋ ಕಾಲಕ್ಕೂ ಅದಕ್ಕೂ ಇನ್ನೂ ನಾನೂರು ವರ್ಷ ಇದೆ. ಆದ್ರೂ ಅಲ್ಲಿ ಪುಸ್ತಕ ಜೋಡಿಸ್ತಿರೋರ ಪಕ್ಕ ನಾನು ಸುಮಾರು ಹೊತ್ತು ನಿಂತಿದ್ದೆ.

ಮಬ್ಬುದೀಪ

ಇನ್‌ಸ್ಟಾಲ್ ಆಗ್ತಿದೆ. ಯಾವ ಬಾಗಿಲಿಂದ ಒಳಗೆ ಹೋಗ್ಲಿ ಹೇಳಿ.